ಕಾಕ ಕಳಚಿಟ್ಟ ಡಿಸ್ಕ್

ಕಾಕನ ಬಲಗೈ ತೋರುಬೆರಳಿನ ತುದಿ ಕಪ್ಪಾಗಿ, ಗೇರುಬೀಜದ ಸಿಪ್ಪೆಯಷ್ಟು ಗಟ್ಟಿಯಾಗಿತ್ತು. ಸೋಲ್ಡರಿಂಗ್ ಕಡ್ಡಿ ಬಿಸಿಯಾಯಿತೇ ಎಂದು ಅವರು ಮುಟ್ಟಿ ನೋಡುತ್ತಿದ್ದದ್ದು ಅದರಿಂದಲೇ. ಸುಡುವುದಿಲ್ಲವೇ ಎಂದರೆ, "ಇದರಲ್ಲಿ ಇನ್ನು ಸುಡ್ಲಿಕ್ಕೆ ಎಂತ ಉಂಟು ಭಟ್ರೇ?" ಎಂದು ನಗುತ್ತಿದ್ದರು.

ಪಡೀಲಿನಲ್ಲಿ ನಮ್ಮ ಪಕ್ಕದ ಮನೆಯವರು. ಗಲ್ಫಿನಲ್ಲಿ ವರ್ಷಗಟ್ಟಲೆ ಟಿವಿ, ರೇಡಿಯೋ ರಿಪೇರಿ ಮಾಡಿ ಬಂದ ಬ್ಯಾರಿ ಮುಸಲ್ಮಾನರು. ನಾನು ಗುಜರಿಗೆ ಹಾಕಿದ ಮಿಕ್ಸಿಯನ್ನು ಗಾಡಿಯಿಂದ ಇಳಿಸಿಕೊಂಡು ಹೋಗಿ, ಸಂಜೆ ನನಗೇ ತಂದುಕೊಟ್ಟು ಬೈದ ಮನುಷ್ಯ.

ಅಪ್ಪ ತೀರಿಕೊಂಡ ಮೇಲೆ ಅವರ ಹಳೇ ಕಂಪ್ಯೂಟರ್ ಆನ್ ಆಗಲಿಲ್ಲ. ಅಪ್ಪ ಅರ್ಚಕರು. ಯಾವ ಕುಟುಂಬದ ಮೂಲ ನಾಗಬನ, ಅಂದರೆ ಹಿರಿಯರು ನಾಗನನ್ನು ಪೂಜಿಸುತ್ತಿದ್ದ ಜಾಗ, ಎಲ್ಲಿದೆ ಎಂಬ ಪಟ್ಟಿಯನ್ನು ಅದರಲ್ಲಿ ಟೈಪ್ ಮಾಡಿಟ್ಟಿದ್ದರು. ಕೈಬರಹದ ಪುಸ್ತಕ ಎಂದೋ ಗೆದ್ದಲಿನ ಪಾಲಾಗಿತ್ತು. ಜನ ಮಾತ್ರ ಆಗಲೂ ಕೇಳಿಕೊಂಡು ಬರುತ್ತಿದ್ದರು. ನಾನು ಓಡಿದ್ದು ಕಾಕನಲ್ಲಿಗೆ.

ನಮ್ಮ ಮನೆಗೆ ಬಂದ ಮೊದಲ ಭಾನುವಾರವೇ ಅವರು ಪಟ್ಟಿ ಇದ್ದ ಡಿಸ್ಕನ್ನು ಕಳಚಿ, ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ಕರೆಂಟ್ ಸರಿ ಬರುವವರೆಗೆ ಇದನ್ನು ಸಿಕ್ಕಿಸುವುದೇ ಬೇಡ."

ಸೋರಿದ ಬ್ಯಾಟರಿ ಕಿತ್ತರು, ಹಸಿರುಗಟ್ಟಿದ ಬೋರ್ಡನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು. ಒಂದನ್ನು ಸರಿಮಾಡಿ, ಆನ್ ಮಾಡಿ ನೋಡಿ, ಆಮೇಲೆ ಇನ್ನೊಂದು. ನನಗೆ ತಾಳ್ಮೆ ಎಲ್ಲಿಂದ? ಎಲ್ಲ ಒಟ್ಟಿಗೆ ಬದಲಾಯಿಸುವ ಎಂದೆ. "ಒಟ್ಟಿಗೆ ಬದಲಾಯಿಸಿದ್ರೆ ತಪ್ಪು ಯಾವುದರಲ್ಲಿ ಇತ್ತು ಅಂತ ಗೊತ್ತಾಗುದು ಹೇಗೆ ಮಾರಾಯ?"

ಮೂರನೇ ಭಾನುವಾರ ಪರದೆಯ ಮೇಲೆ ಅಕ್ಷರ ಮೂಡಿತು. ನಾನು ಡಿಸ್ಕ್ ಹಿಡಿದು ಬಂದರೆ ಕಾಕ ಕೈ ಅಡ್ಡ ಹಿಡಿದರು. ಪವರ್ ಸಪ್ಲೈಯಿಂದ ಬರುವ ವೋಲ್ಟೇಜ್ ಹೆಚ್ಚಿದೆ, ಒಂದು ಪಾರ್ಟ್ ತರಿಸಬೇಕು, ಅದಕ್ಕೆ ಮೊದಲು ಡಿಸ್ಕ್ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ ಎಂದರು.

ಅಷ್ಟರಲ್ಲಿ ನನ್ನ ಅಣ್ಣ ಬಂದ. "ನಾಗನ ವಿಷಯ ಬ್ಯಾರಿಗಳ ಕೈಯಲ್ಲಿ ಯಾಕೆ? ನಮ್ಮವರು ಯಾರೂ ಇಲ್ವಾ?" ಕಾಕನಿಗೆ ಕೇಳಲೆಂದೇ ಹೇಳಿದ.

ನಾನು ತಲೆ ಬಗ್ಗಿಸಿ ಡಿಸ್ಕನ್ನು ಮತ್ತೆ ಪೇಪರಿನಲ್ಲಿ ಸುತ್ತತೊಡಗಿದೆ. ಕಾಲೇಜಿನಲ್ಲಿ ಮಕ್ಕಳಿಗೆ ಗಂಟೆಗಟ್ಟಲೆ ಸೌಹಾರ್ದದ ಭಾಷಣ ಬಿಗಿಯುವ ನಾನು. ಕಾಕ ಮೀಟರಿನ ವಯರ್ ಸುತ್ತಿದರು. ಸ್ಕ್ರೂಗಳನ್ನೆಲ್ಲ ತಟ್ಟೆಗೆ ಹಾಕಿ ನನ್ನ ಕಡೆ ಸರಿಸಿ, ಚಹಾ ಕುಡಿಯದೆ ಹೋದರು.

ಮತ್ತೆ ಅವರು ಬರಲಿಲ್ಲ, ನಾನೂ ಕರೆಯಲಿಲ್ಲ. ಎರಡು ಭಾನುವಾರ ಕಳೆದ ಮೇಲೆ ಅಣ್ಣ, "ಅವರಿಗೆ ಎಂತ ಗೊತ್ತುಂಟು, ಸಿಕ್ಕಿಸು" ಎಂದ. ಸಿಕ್ಕಿಸಿದೆ. ಡಿಸ್ಕ್ ನಾಲ್ಕು ಸಲ ಕಟಕಟ ಎಂದಿತು, ಸುಟ್ಟ ವಾಸನೆ ಬಂತು. ಊರಿನ ಯಾವ ಅಂಗಡಿಯವರಿಂದಲೂ ಅದರಿಂದ ಒಂದಕ್ಷರ ತೆಗೆಯಲಾಗಲಿಲ್ಲ.

ಆಮೇಲೊಂದು ದಿನ ಕಾಕ ಕಂಪೌಂಡಿನ ಆಚೆಯಿಂದ ಕರೆದರು. "ಪಾರ್ಟ್ ಬಂತು. ನಿಮ್ಮಣ್ಣ ಇಲ್ಲದಾಗ ಹೇಳಿ, ಬಂದು ಹಾಕ್ತೇನೆ." ಡಿಸ್ಕ್ ಸುಟ್ಟದ್ದನ್ನು ಹೇಳಲು ನಾಚಿಕೆಯಾಯಿತು. ಬೇರೆಯವರು ಸರಿಮಾಡಿದರು, ಪಟ್ಟಿ ಪೂರ್ತಿ ಸಿಕ್ಕಿತು ಎಂದುಬಿಟ್ಟೆ. ಅವರು ಪಾರ್ಟನ್ನು ಜೇಬಿಗೆ ಹಾಕಿಕೊಂಡರು. "ಸಿಕ್ಕಿತಲ್ಲ, ಸಾಕು. ಅಪ್ಪನ ಕೆಲಸ ಉಳೀತು."

ಎರಡು ತಿಂಗಳಲ್ಲಿ ಕಾಕ ಹೃದಯಾಘಾತದಿಂದ ಹೋದರು. ಮಯ್ಯತ್ತನ್ನು ದಫನಕ್ಕೆ ಒಯ್ಯುವ ದಿನ ನಾನು ಅವರ ಗೇಟಿನ ಹೊರಗೆ ನಿಂತು ಬಂದೆ.

ಮರುವಾರ ಬೆಂಗ್ರೆಯಿಂದ ಮೀನುಗಾರ ದಂಪತಿ ಬಂದರು. ತಮ್ಮ ಮೂಲ ನಾಗನನ್ನು ಹುಡುಕಿ ಸುಸ್ತಾದವರು. ಕಾಕ ಅವರ ಟಿವಿ ರಿಪೇರಿಗೆ ಹೋದಾಗ ಹೇಳಿದ್ದರಂತೆ: "ಪಡೀಲಿನ ಭಟ್ರಲ್ಲಿ ಪಟ್ಟಿ ಉಂಟು, ಹೋಗಿ."

ನನ್ನಲ್ಲಿ ಯಾವ ಪಟ್ಟಿಯೂ ಇಲ್ಲ ಎಂದೆ. ಹೆಂಗಸು ಕದಲಲಿಲ್ಲ. "ಕಾಕ ಸುಳ್ಳು ಹೇಳುವ ಜನ ಅಲ್ಲ ಭಟ್ರೇ."

"ವಯಸ್ಸಾಗಿತ್ತಲ್ಲ, ಅವರಿಗೆ ಏನೋ ತಪ್ಪು ತಿಳಿದಿರಬೇಕು" ಎಂದು ಹೇಳಿ ನಾನು ಬಾಗಿಲು ಹಾಕಿಕೊಂಡೆ.