ಬೊಂಡಾಸಿನ ಕಟ್ಟು ಬಿಚ್ಚಿದ ಲೆಕ್ಕ

ಎರಡನೇ ತರಗತಿಗೆ ಕಳೆಯುವ ಲೆಕ್ಕ ಹೇಳಿಕೊಟ್ಟೇ ಒಕ್ಬುನ್ ಟೀಚರ್ ತಲೆ ನರೆಸಿಕೊಂಡವಳು. ಕೊರಿಯಾದ ಕಡಲತಡಿಯ ಜುಮುಂಜಿನ್ನಿನಲ್ಲಿ ಅರ್ಧ ಊರಿಗೆ ದಶಕ ಬಿಚ್ಚಿ ಬಿಡಿ ಮಾಡಲು ಕಲಿಸಿದ್ದು ಅವಳೇ. ಉಳಿದರ್ಧ ಅವಳ ಕೈಗೆ ಸಿಗದೆ ಬಚಾವಾಗಿತ್ತು. ಅವಳ ತಾಯಿ, ಬೊಂಡಾಸ್ ಮೀನು ಒಣಗಿಸಿ ಮಾರುವ ಮಾಲ್ಸೂನ್, ಈ ಉದ್ಯೋಗಕ್ಕೆ ಮೂರು ಕಾಸಿನ ಬೆಲೆ ಕೊಟ್ಟವಳಲ್ಲ.

"ಮಕ್ಕಳ ಮುಂದೆ ಕೂಗಾಡೋದೂ ಒಂದು ಕೆಲ್ಸಾನೇನೇ?" ಎನ್ನುವಳು.

ಟೀಚರ್ ನಿವೃತ್ತಿಯಾಗುವ ಮುಂಚೆ ಕೊನೆಯ ಸಲ ಪೋಷಕರೆಲ್ಲ ಬಂದು ಪಾಠ ನೋಡುವ ದಿನ ಬಂತು. ಅಮ್ಮ ಒಮ್ಮೆ ನೋಡಲಿ, ಒಂದು ಒಳ್ಳೆಯ ಮಾತಾಡಲಿ ಎಂದು ಒಕ್ಬುನ್‌ಗೆ ಆಸೆ. ಲೆಕ್ಕದ ಕಡ್ಡಿಗಳ ಬದಲು ಅಮ್ಮನ ಒಣ ಬೊಂಡಾಸನ್ನೇ ಕೇಳಿ ತಂದಳು. "ನಿನ್ನ ಮರಿಪಿಶಾಚಿಗಳು ತಿಂದು ತೇಗ್ತವೆ" ಎಂದು ಮುದುಕಿ ಕಾವಲಿಗೆ ತಾನೇ ಬಂದು ಹಿಂದಿನ ಗೋಡೆಗೆ ಒರಗಿ ನಿಂತಳು. ತರಗತಿ ಗಬ್ಬೆಂದು ನಾರುತ್ತಿತ್ತು. ಸಿಯೋಲಿನಿಂದ ಬಂದ ಹೆಡ್‌ಮಾಸ್ಟರು ಕಿಟಕಿಯ ಪಕ್ಕ ಜಾಗ ಹಿಡಿದರು.

ಮೇಜಿನ ಮೇಲೆ ನಾಲ್ಕು ಕಟ್ಟು, ಎರಡು ಬಿಡಿ. ನಲವತ್ತೆರಡರಲ್ಲಿ ಏಳು ಕಳೆಯಬೇಕು.

"ಬಿಡಿ ಎರಡೇ ಇವೆ. ಏನ್ಮಾಡೋಣ?"

"ಕಟ್ಟು ಬಿಚ್ಚೋದು!" ಎಂದು ಸೊರಾ ಎಂಬ ಹುಡುಗಿ ಓಡಿಬಂದು ಒಂದು ಕಟ್ಟು ಬಿಚ್ಚಿ ಎಣಿಸಿದಳು. ಕಣ್ಣರಳಿಸಿದಳು. "ಟೀಚರ್, ನಿಮಗೆ ಯಾರೋ ಟೋಪಿ ಹಾಕಿದಾರೆ! ಇದ್ರಲ್ಲಿ ಬರೀ ಹತ್ತೇ ಇದೆ!"

ಆ ಊರಲ್ಲಿ ಬೊಂಡಾಸಿನ ಕಟ್ಟೆಂದರೆ ಇಪ್ಪತ್ತು. ಹಾಲು ಕುಡಿಯುವ ಕೂಸಿಗೂ ಗೊತ್ತು. ಪಠ್ಯಪುಸ್ತಕದ ಭೂತ ಹೊಕ್ಕಿದ್ದ ಒಕ್ಬುನ್ ಮಾತ್ರ ಅಮ್ಮನ ಕಟ್ಟುಗಳನ್ನು ಬಿಚ್ಚಿ ಹತ್ತತ್ತರಂತೆ ಕಟ್ಟಿದ್ದಳು.

ಪೋಷಕರ ಕತ್ತುಗಳೆಲ್ಲ ಮಾಲ್ಸೂನಳ ಕಡೆ ತಿರುಗಿದವು.

"ಅದಕ್ಕೇ ಹೋದ್ಸಲ ನಾವು ತಗೊಂಡ ಕಟ್ಟೂ ಹಗುರ ಇತ್ತು," ಎಂದ ಒಬ್ಬ ಅಪ್ಪ.

"ನಿನ್ನ ನಾಲಿಗೆ ಸೀಳಿ ಒಣಹಾಕ್ತೀನಿ ಕಣೋ!" ಮುದುಕಿ ಗುಡುಗಿದಳು. ಆದರೆ ಅವಳ ಮುಖ ಬಿಳಿಚಿತ್ತು. ಜೀವಮಾನವೆಲ್ಲ ಗಳಿಸಿದ ಹೆಸರು ಎಳೆಯ ಮಕ್ಕಳೆದುರು ಮಣ್ಣುಪಾಲಾಗುತ್ತಿತ್ತು.

ಒಕ್ಬುನ್ ಮುಂದೆ ಬಂದಳು. "ತಪ್ಪು ನಂದು," ಎಂದಳು ಗಟ್ಟಿಯಾಗಿ. "ನಮ್ಮಮ್ಮನ ಕಟ್ಟಲ್ಲಿ ಇಪ್ಪತ್ತಕ್ಕೆ ಒಂದೂ ಕಮ್ಮಿ ಬಂದಿಲ್ಲ. ಬಿಚ್ಚಿ ಕೆಡಿಸಿದವಳು ನಾನು."

"ಪುಸ್ತಕದಲ್ಲಿ ಹತ್ತು ಅಂತಾನೇ ಇದೆಯಲ್ಲ ಮೇಡಂ," ಎಂದು ಹೆಡ್‌ಮಾಸ್ಟರು ಗೊಣಗಿದರು.

"ಪುಸ್ತಕ ಬರೆದೋರು ಬೊಂಡಾಸ್ ಒಣಗಿಸಿಲ್ಲ ಸಾರ್."

ಒಕ್ಬುನ್ ಎರಡೆರಡು ಕಟ್ಟು ಸೇರಿಸಿ ಇಪ್ಪತ್ತರ ಎರಡು ಕಟ್ಟು ಮಾಡಿದಳು. ಸೊರಾ ಒಂದನ್ನು ಬಿಚ್ಚಿದಳು. ಬಿಡಿ ಇಪ್ಪತ್ತೆರಡಾಯಿತು, ಏಳು ತೆಗೆದಳು, ಹದಿನೈದು ಉಳಿಯಿತು. ಜೊತೆಗೊಂದು ಕಟ್ಟು.

"ಮೂವತ್ತೈದು!" ಮಕ್ಕಳು ಕಿರುಚಿದರು.

ಮಾಲ್ಸೂನ್ ಪಕ್ಕದ ಹೆಂಗಸಿನ ಪಕ್ಕೆಗೆ ತಿವಿದಳು. ಇಡೀ ತರಗತಿಗೆ ಕೇಳುವಂತೆ, "ಪಾಠ ಮಾಡ್ತಾ ಇದಾಳಲ್ಲ, ಅವಳು ನನ್ನ ಮಗಳು," ಎಂದಳು.

ಊರಿಗೆಲ್ಲ ಗೊತ್ತಿದ್ದ ಸಂಗತಿಯೇ. ಒಕ್ಬುನ್ ಮಾತ್ರ ಅದನ್ನು ಅಮ್ಮನ ಬಾಯಲ್ಲಿ ಕೇಳಿದ್ದು ಅದೇ ಮೊದಲು.