ಕಾಯಬೇಕಿದ್ದ ಮೇಡಂ

ವಿಶ್ವವಿದ್ಯಾಲಯದ ಹುಡುಗರ ಬಾಯಲ್ಲಿ ಅವಳು ‘ಸಬೂರಿ ಮೇಡಂ’. ಅಣುಬಾಂಬು ಇಟ್ಟುಕೊಂಡ ದೇಶಗಳು ಒಂದರ ಮೇಲೊಂದು ಎರಗದೆ ಇರುವುದು ಹೇಗೆ, ನಡುವೆ ಈ ಹೊಸ ಬುದ್ಧಿವಂತ ಯಂತ್ರಗಳು ತಲೆಹಾಕಿದರೆ ಗತಿಯೇನು, ಅವಳ ಸಂಶೋಧನೆಯೆಲ್ಲ ಅದೇ. ಕ್ಷಿಪಣಿ ಬಂತೆಂದು ಯಂತ್ರ ಕಿರುಚಿದ ಕೂಡಲೇ ತಿರುಗಿ ಹೊಡೆಯಬಾರದು, ನಡುವೆ ಅನುಮಾನಪಡುವ ಒಬ್ಬ ಮನುಷ್ಯ ಇರಲೇಬೇಕು ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡಳು. ಯಾರು ಕೇಳಬೇಕು? “ಊಟ ಮಾಡೋವಾಗಲಾದ್ರೂ ಆ ಬಾಂಬು ಪಕ್ಕಕ್ಕಿಡೇ ತಾಯಿ” ಎಂದು ಗಂಡ ಕೈಮುಗಿಯುತ್ತಿದ್ದ.

ಈಗ ಸರ್ಕಾರದ ಸಮಿತಿ ಆ ಮನುಷ್ಯನನ್ನೇ ತೆಗೆದುಹಾಕಿ ಎಲ್ಲವನ್ನೂ ಯಂತ್ರಕ್ಕೇ ಬಿಡಲು ಹೊರಟಿತ್ತು. ಮನುಷ್ಯ ಹೆದರುತ್ತಾನಂತೆ, ಎಡವುತ್ತಾನಂತೆ! ಕಾಡಿ ಬೇಡಿ ಅವಳು ಒಂದು ಅವಕಾಶ ಗಿಟ್ಟಿಸಿದಳು: ಸಮಿತಿಯೆದುರು ಯುದ್ಧದ ಆಟ. ಇಬ್ಬರು ಎರಡು ದೇಶ ಆಳುವವರಾಗಿ ಕೂರಬೇಕು. ಒಂದು ಸುಳ್ಳು ಎಚ್ಚರಿಕೆ, ಒಂದು ನಿಜವಾದ ದಾಳಿ. ಯಾವುದು ಮೊದಲೆಂದು ಆಟ ನಡೆಸುವ ಶಿಷ್ಯೆಗೆ ಮಾತ್ರ ಗೊತ್ತು. ಸುಳ್ಳಿಗೆ ಮನುಷ್ಯ ದುಡುಕದಿದ್ದರೆ ಗೆದ್ದಂತೆ.

ಗ್ರಹಚಾರ ನೋಡಿ, ಆಡಬೇಕಿದ್ದ ಇಬ್ಬರಲ್ಲಿ ಒಬ್ಬರಾದ ರಾಯಭಾರಿಗೆ ಅಂದೇ ಜ್ವರ. “ನೀವೇ ಕೂತ್ಕೊಳ್ಳಿ ಮೇಡಂ” ಎಂದರು ಸಮಿತಿಯ ಅಧ್ಯಕ್ಷರು. ಮರದ ತಡಿಕೆಯ ಆಚೆ ಎದುರಾಳಿಯಾಗಿ ನಿವೃತ್ತ ಜನರಲ್ ಕೂತಿದ್ದರು.

ಸ್ಕ್ರೀನು ಕೆಂಪಾಯಿತು. ಕ್ಷಿಪಣಿ ಹೊರಟಿದೆ, ಕೆಲವೇ ನಿಮಿಷ ಬಾಕಿ, ಗುರಿ ಅವಳದೇ ಊರು, ಮಗಳ ಶಾಲೆಯಿರುವ ಊರು. ಆಚೆಗೆ ಫೋನು ಮಾಡಿದಳು, ಜನರಲ್ ಎತ್ತಲಿಲ್ಲ. ಆಟವೆಂದು ಗೊತ್ತಿದ್ದೂ ಜೀವ ಬಾಯಿಗೆ ಬಂತು. ಅಯ್ಯೋ, ತಿರುಗಿ ಹೊಡೆಯುವ ಬಟನ್ ಒತ್ತಿಯೇಬಿಟ್ಟಳು.

“ಸುಳ್ಳು ಎಚ್ಚರಿಕೆ ಮೇಡಂ” ಎಂದಳು ಶಿಷ್ಯೆ, ತಲೆಯೆತ್ತದೆ.

“ಬೇಜಾರು ಮಾಡ್ಕೋಬೇಡಿ” ಎಂದರು ಅಧ್ಯಕ್ಷರು. “ನಿಮಗೇ ತಡ್ಕೊಳ್ಳೋಕಾಗ್ಲಿಲ್ಲ ಅಂದ್ರೆ ಇನ್ಯಾರಿಗಾಗುತ್ತೆ?” ಅದರ ಬದಲು ಕಪಾಳಕ್ಕೆ ಬಾರಿಸಿದ್ದರೆ ವಾಸಿಯಿತ್ತು.

ತಡಿಕೆ ಸರಿಸಿದರು. ಜನರಲ್‌ಗೂ ಅದೇ ಎಚ್ಚರಿಕೆ ಬಂದಿತ್ತು, ಅವರು ಒತ್ತಿರಲಿಲ್ಲ! ಅವಳಿಗೆ ಹೋದ ಜೀವ ಬಂದಂತಾಯಿತು. “ನೋಡಿ ಸರ್, ಇವರು ಕಾದ್ರು! ಮನುಷ್ಯ ಕಾಯ್ತಾನೆ!”

ಜನರಲ್ ಪಾಪ, ಸಂಕೋಚದಿಂದ ಕೆನ್ನೆ ತುರಿಸಿಕೊಂಡರು. “ಕಾಯೋದೆಲ್ಲಿ ಬಂತಮ್ಮ, ಕನ್ನಡಕ ಕಾರಲ್ಲೇ ಮರ್ತುಬಿಟ್ಟೆ. ಬಟನ್ ಎಲ್ಲಿದೆ ಅಂತ ಹುಡುಕ್ತಾ ಇದ್ದೆ.”

ಇಡೀ ಸಮಿತಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. “ಇನ್ನೊಂದು ಸಲ ಆಡೋಣ ಸರ್, ನಿಮ್ಮ ಕಾಲಿಗೆ ಬೀಳ್ತೀನಿ, ಒಂದೇ ಒಂದು ಸಲ” ಎಂದು ಅವಳು ಆ ನಗುವಿನ ನಡುವೆ ಗೋಗರೆಯುತ್ತಿದ್ದಳು. ಅಧ್ಯಕ್ಷರು ನಕ್ಕು ನಕ್ಕು ಬಂದ ಕಣ್ಣೀರು ಒರೆಸಿಕೊಳ್ಳುತ್ತ, ಅನುಮಾನಪಡುವ ಆ ಮನುಷ್ಯನನ್ನು ತೆಗೆದುಹಾಕುವ ಆದೇಶಕ್ಕೆ ಸಹಿ ಹಾಕಿದರು.