ಟೈಲರ್ ಹುಲಿಗೆಮ್ಮ ಮತ್ತು ಕತ್ತಿ ಆಟ

ಸೊರಬದ ಬಸ್ ಸ್ಟ್ಯಾಂಡಿನ ಹಿಂದೆ ಹುಲಿಗೆಮ್ಮನ ಹೊಲಿಗೆ ಅಂಗಡಿ. ಅದರ ಪಕ್ಕದ ಗೋಡೆಗೇ ಚನ್ನೇಶನ ವಿಡಿಯೋ ಗೇಮ್ ಅಂಗಡಿ. ಟಿ.ವಿ.ಗೆ ಸಿಕ್ಕಿಸಿ ಆಡುವ ಕ್ಯಾಸೆಟ್‌ಗಳನ್ನು ಅವನು ಬಾಡಿಗೆಗೆ ಕೊಡುತ್ತಿದ್ದ. ತೊಂಬತ್ತಾರನೇ ಇಸವಿಯ ಒಂದು ಮಧ್ಯಾಹ್ನ ಊಟಕ್ಕೆ ಹೊರಟವನು ಹುಲಿಗೆಮ್ಮನನ್ನು ಕರೆದ.

"ಅಕ್ಕಾ, ಈ ಕ್ಯಾಸೆಟ್ ಕೆಟ್ಟಿದೆ ಅಂತ ಯಾರೋ ವಾಪಸ್ ಕೊಟ್ಟು ಹೋದ್ರು. ಗುಂಡಿ ಒತ್ತಿದ್ರೆ ಗುಂಡು ಹಾರ್ತದಾ, ಸ್ವಲ್ಪ ನೋಡಿ."

ಹುಲಿಗೆಮ್ಮ ಒತ್ತಿದಳು. ಗುಂಡೇನೋ ಹಾರಿತು, ಆದರೆ ಅಷ್ಟರಲ್ಲಿ ಟಿ.ವಿ.ಯೊಳಗಿನ ಸಿಪಾಯಿಯೇ ಸತ್ತು ಬಿದ್ದ. "ಅಯ್ಯೋ, ಇಷ್ಟಕ್ಕೇ ಸತ್ತನಾ!" ಎಂದು ಮತ್ತೆ ಶುರು ಮಾಡಿದಳು. ಚನ್ನೇಶ ಉಂಡು, ಎಲೆಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಸಿಪಾಯಿ ಎರಡು ಸೇತುವೆ ದಾಟಿದ್ದ. ಹುಲಿಗೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕುರ್ಚಿಯ ತುದಿಗೆ ಬಂದು ಕೂತಿದ್ದಳು.

ಅವಳಿಗಾಗ ಮೂವತ್ತೆಂಟು. ಚಿಕ್ಕವಳಿದ್ದಾಗ ತವರೂರು ಹೊಸಬಾಳೆಯ ಗದ್ದೆಯಲ್ಲಿ ಗಿಳಿ ಓಡಿಸಲು ಕವಣೆ ಬೀಸಿದ ಕೈ, ಆಮೇಲೆ ಹದಿನೈದು ವರ್ಷ ಸೂಜಿಯ ಕೆಳಗೆ ಬಟ್ಟೆ ಸರಿಸಿದ ಕೈ. ತಿಂಗಳೊಪ್ಪತ್ತಿನಲ್ಲಿ ಅಂಗಡಿಯಲ್ಲಿದ್ದ ಹೊಡೆದಾಟದ ಆಟಗಳನ್ನೆಲ್ಲ ಆಡಿ ಮುಗಿಸಿದಳು. ಆಡಿ ಸುಮ್ಮನಿರುವವಳೂ ಅಲ್ಲ. ಕ್ಯಾಸೆಟ್ ಕೇಳಲು ಬಂದವರಿಗೆ ಹೊಲಿಗೆ ಯಂತ್ರದ ಮುಂದಿನಿಂದಲೇ ಕೂಗಿ ಹೇಳುತ್ತಿದ್ದಳು: "ಅದು ಬೇಡ್ರೀ! ಹೊಡೆದದ್ದು ತಾಗಿದ್ದೇ ಗೊತ್ತಾಗಲ್ಲ, ಹಿಟ್ಟಿನ ಚೀಲಕ್ಕೆ ಗುದ್ದಿದಂಗೆ!" ಜನ ಅವಳ ಮಾತು ಕೇಳದೆ ಕ್ಯಾಸೆಟ್ ಮುಟ್ಟದಂತಾದರು.

ಶಿವಮೊಗ್ಗದಿಂದ ಹೊಸ ಕ್ಯಾಸೆಟ್ ತರುತ್ತಿದ್ದ ಸದಾಶಿವಪ್ಪನಿಗೆ ಇದು ಹಿಡಿಸಲಿಲ್ಲ. ಒಮ್ಮೆ ಅವನು ತಂದ ಆಟದ ಡಬ್ಬಿಯ ಮೇಲೆ ಉರಿಯುವ ಹೆಲಿಕಾಪ್ಟರ್ ಚಿತ್ರವಿತ್ತು. ಹುಲಿಗೆಮ್ಮ ಐದು ನಿಮಿಷ ಆಡಿ ರಿಮೋಟು ಕೆಳಗಿಟ್ಟಳು.

"ಗುಂಡಿ ಒತ್ತಿದ ಮೇಲೆ ಇವನು ಯೋಚನೆ ಮಾಡಿ ಹಾರ್ತಾನೆ. ಅಷ್ಟೊತ್ತಿಗೆ ಹಳ್ಳದಾಗೆ ಬಿದ್ದಿರ್ತಾನೆ."

"ನಿಮಗೆ ಆಡಕ್ಕೆ ಬರಲ್ಲ ಅನ್ರೀ," ಎಂದು ನಕ್ಕ ಸದಾಶಿವಪ್ಪ.

"ಹಂಗಾದ್ರೆ ನೀವೇ ಆಡಿ ತೋರಿಸ್ರೀ."

ನಾಲ್ಕು ವರ್ಷ ಕ್ಯಾಸೆಟ್ ಮಾರಿದ್ದರೂ ಆತ ಒಂದು ಆಟವನ್ನೂ ಆಡಿದವನಲ್ಲ. ಮೊದಲ ಹಳ್ಳದಲ್ಲೇ ಏಳು ಸಲ ಬಿದ್ದ. ಏಳನೇ ಸಲ ತಾನೇ ಬಿದ್ದು ಬಿದ್ದು ನಕ್ಕ. ಅವತ್ತಿನಿಂದ ಜೇಬಿನಲ್ಲೊಂದು ಪುಸ್ತಕ ಇಟ್ಟುಕೊಂಡು, ಹೊಸ ಮಾಲು ಬಂದಾಗಲೆಲ್ಲ ಮೊದಲು ಸೊರಬಕ್ಕೇ ಬಂದು, ಹುಲಿಗೆಮ್ಮ ಹೇಳಿದ್ದನ್ನು ಬರೆದುಕೊಂಡು ಶಿಕಾರಿಪುರದ ಅಂಗಡಿಗಳಿಗೂ ಒಯ್ಯತೊಡಗಿದ.

ಮಾರನೇ ವರ್ಷ ಕತ್ತಿ ಆಟವೊಂದು ಬಂತು. ಹುಲಿಗೆಮ್ಮ ಅದನ್ನು ಎರಡೇ ಹಂತ ಆಡಿದಳು. "ಕತ್ತಿ ಹಿಡ್ಕಂಡು ಬರೀ ಓಡ್ತಾನೆ. ಸಾಣೆ ಹಿಡಿಯೋನನ್ನ ಹುಡುಕ್ತಿದಾನಾ ಏನು?" ಎಂದಳು. ಸದಾಶಿವಪ್ಪ ಬರೆದುಕೊಂಡು ಹೋದ.

ವಾರದೊಳಗೆ ಅವನ ಕೈಯಲ್ಲೇ ಒಂದು ಕಾಗದ ಬಂತು. ಟೈಪ್ ಮಾಡಿದ ಕಾಗದ. ಬರೆದವಳು ಶಿಕಾರಿಪುರದಲ್ಲಿ ಟೈಪಿಂಗ್ ಕಲಿಸುತ್ತಿದ್ದ, ಅಲ್ಲಿನ ಅಂಗಡಿಯಿಂದ ಕ್ಯಾಸೆಟ್ ಒಯ್ದು ಆಡುತ್ತಿದ್ದ ಧನಲಕ್ಷ್ಮಿ. "ಕತ್ತಿ ಆಟದ ಬಗ್ಗೆ ತಾವು ಹೇಳಿದ್ದು ತಪ್ಪು. ತಾವು ಮೂರನೇ ಹಂತ ನೋಡಿದ್ದೀರಾ?"

ಹುಲಿಗೆಮ್ಮನ ಮುಖ ಕೆಂಪಾಯಿತು. ನೋಡಿರಲಿಲ್ಲವಲ್ಲ! ಭಾನುವಾರ ಬೆಳಿಗ್ಗೆಯೇ ಶಿಕಾರಿಪುರದ ಬಸ್ಸು ಹತ್ತಿದಳು.

ಧನಲಕ್ಷ್ಮಿ ಇಪ್ಪತ್ತನಾಲ್ಕರ ಹುಡುಗಿ. ಬಾಗಿಲಲ್ಲಿ ನಿಂತವಳು ಯಾರೆಂದು ತಿಳಿದದ್ದೇ ತಬ್ಬಿಬ್ಬಾದಳು. "ನೀವೇ ಬರ್ತೀರಿ ಅಂತ ನಾನು ಅಂದುಕೊಂಡಿರಲಿಲ್ಲರೀ."

"ಜಗಳ ಆಮೇಲೆ ಆಡಾಣ. ಮೊದ್ಲು ಮೂರನೇ ಹಂತ ತೋರ್ಸು."

ಮೂರನೇ ಹಂತದಲ್ಲಿ ಓಟ ನಿಂತಿತು. ಬಿದಿರು ಮೆಳೆಯೊಳಗಿಂದ ಬಾಣಗಳು ಬರುತ್ತಿದ್ದವು. ಸರಿಯಾದ ಗಳಿಗೆಗೆ ಕತ್ತಿ ಬೀಸಿದರೆ ಬಾಣ ಠಣ್ಣೆಂದು ತಿರುಗಿ, ಬಿಟ್ಟವನಿಗೇ ತಾಗುತ್ತಿತ್ತು. ಹುಲಿಗೆಮ್ಮ ಒಂದು ತಿರುಗಿಸಿದಳು, ಎರಡು, ನಾಲ್ಕು. "ಎಲಾ ಇವನ!" ಎಂದು ಎದ್ದೇ ನಿಂತಳು. ಕೊನೆಯ ಬಿಲ್ಲುಗಾರನ ಎದುರಿಗೆ ಬರುವಾಗ ಕರೆಂಟ್ ಹೋಯಿತು.

ಮುಕ್ಕಾಲು ಗಂಟೆ ಇಬ್ಬರೂ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಕೂತರು. ಕರೆಂಟ್ ಬಂದಾಗ ಆಟ ಮತ್ತೆ ಮೊದಲಿನಿಂದ. ಆ ಬರೀ ಓಟದ ಎರಡು ಹಂತ ಈಗ ಹುಲಿಗೆಮ್ಮನಿಗೆ ಬೇಸರ ತರಲಿಲ್ಲ. ಮುಂದಿನ ಬಾಣಗಳಿಗಾಗಿ ಕೈ ತವಕಿಸುತ್ತಿತ್ತು. ಬಿಲ್ಲುಗಾರ ಬಿದ್ದಾಗ ಇಬ್ಬರೂ ಹೋ ಎಂದು ಕೂಗಿದ ಸದ್ದಿಗೆ ಪಕ್ಕದ ಮನೆಯವರು ಇಣುಕಿದರು.

"ನಾನು ಹೇಳಿದ್ದು ತಪ್ಪು ಕಣಮ್ಮ," ಎಂದಳು ಹುಲಿಗೆಮ್ಮ, ಉಸಿರು ಬಿಡುತ್ತಾ. "ಸದಾಶಿವಪ್ಪನಿಗೆ ನಾನೇ ಹೇಳ್ತೀನಿ."

ಹೇಳಿದಳು ಕೂಡ, ಚನ್ನೇಶನ ಅಂಗಡಿಯಲ್ಲಿ ಎಲ್ಲರೆದುರು. ಅಲ್ಲಿಂದ ಮುಂದೆ ಸದಾಶಿವಪ್ಪನ ಪುಸ್ತಕದಲ್ಲಿ ಪ್ರತಿ ಆಟಕ್ಕೂ ಇಬ್ಬರ ಮಾತು ಇರುತ್ತಿತ್ತು. ಎರಡೂ ಒಂದಕ್ಕೊಂದು ಕೂಡಿದ್ದು ಕಡಿಮೆ. ವಿಮಾನದ ಆಟ ಬಂದಾಗ ಧನಲಕ್ಷ್ಮಿ "ಇಂಥದ್ದು ಇನ್ನೊಂದಿಲ್ಲ" ಎಂದಳು. ಹುಲಿಗೆಮ್ಮ "ವಿಮಾನನಾ ಅದು? ಮಿಡತೆ!" ಎಂದಳು. ಯಾರ ಮಾತು ನಿಜವೆಂದು ತಾವೇ ನೋಡಲು ಜನ ಮುಗಿಬಿದ್ದರು. ಆ ಕ್ಯಾಸೆಟ್ ಎರಡು ಊರಲ್ಲೂ ತಿಂಗಳುಗಟ್ಟಲೆ ಅಂಗಡಿಯ ಕಪಾಟು ಕಾಣಲಿಲ್ಲ.